ನಾಲ್ಕನೆಯ ಅಂಕದಲ್ಲಿ ನಿಂತ ಊರು

ನಮ್ಮೂರಿನ ಜನಕ್ಕೆ ಚಪ್ಪಾಳೆ ತಟ್ಟುವ ಚಟ. ಯಾರಾದರೂ ನಾಲ್ಕು ಮಾತು ಗಟ್ಟಿಯಾಗಿ ಆಡಿದರೆ ಸಾಕು, ಆಡಿದ್ದೇನು ಅಂತ ಕೇಳುವ ಗೊಡವೆಗೂ ಹೋಗುವುದಿಲ್ಲ, ಅಂಗೈ ಕೆಂಪಾಗುವ ತನಕ ತಟ್ಟಿಬಿಡುತ್ತಾರೆ. ಇದನ್ನು ನಾನು ಮೊದಲಿನಿಂದಲೂ ಬೈಯುತ್ತ ಬಂದವಳು. ನನ್ನ ಹೆಸರು ಇಂದ್ರವ್ವ, ಥೇಟರಿನ ಎದುರಿಗೆ ಖಾನಾವಳಿ ನಡೆಸುತ್ತೇನೆ. ರೊಟ್ಟಿ ಬಡಿಯುತ್ತಲೇ ಊರನ್ನೂ ಬೈಯುವುದು ನನಗೆ ರೂಢಿ. ರೊಟ್ಟಿಯ ಆಸೆಗೆ ಜನ ನನ್ನ ಬೈಗುಳವನ್ನೂ ನುಂಗಿಕೊಂಡು ಏಳುತ್ತಾರೆ.

ನಮ್ಮಲ್ಲಿ ಊರಿನ ಅಧ್ಯಕ್ಷ ಕುರ್ಚಿ ಬಿಡುವುದು ನಾಟಕದ ಮೂಲಕ. ಅವಧಿ ತುಂಬಿತೆಂದರೆ ಅವನು ಥೇಟರಿಗೆ ಬಂದು, ಊರು ಹುಟ್ಟಿದಾಗಿನಿಂದ ಆಡುತ್ತ ಬಂದ ಐದಂಕದ ನಾಟಕದಲ್ಲಿ ರಾಜನ ಪಾತ್ರ ಹಾಕಬೇಕು. ಮಧ್ಯಾಹ್ನದ ಊಟ ಮುಗಿಸಿ ಶುರು ಮಾಡಿದರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುವಂಥ ನಾಟಕ. ನಾಲ್ಕನೆಯ ಅಂಕದಲ್ಲಿ ರಾಜನು ತನ್ನನ್ನು ಪ್ರಶ್ನಿಸಿದ ಒಬ್ಬನನ್ನು ಪಂಜರದಲ್ಲಿ ಹಾಕಿ, ನ್ಯಾಯದ ಬಗ್ಗೆ ದೊಡ್ಡ ಮಾತಾಡಿ, "ಎಲೈ ಬಂದಿಯೇ, ನಿನ್ನ ಪರವಾಗಿ ನುಡಿಯುವವರು ಈ ಸಭೆಯಲ್ಲಿ ಯಾರಿರುವರು?" ಎಂದು ಕೇಳುತ್ತಾನೆ. "ಯಾರೂ ಇಲ್ಲ, ಪ್ರಭೂ" ಅನ್ನುತ್ತಾನೆ ಬಂದಿ. ಪರದೆ. ಐದನೆಯ ಅಂಕದಲ್ಲಿ ಬಂದಿಯ ಮನೆಯ ಹೆಂಗಸೊಬ್ಬಳು ಒಳಗೆ ಬಂದು "ನಾನಿದ್ದೇನೆ" ಅನ್ನುತ್ತಾಳೆ. ಅವನ ಅಪರಾಧವೇನೆಂದು ಹೇಳು ಅನ್ನುತ್ತಾಳೆ. ರಾಜನಿಗೆ ಹೇಳಲು ಬರುವುದಿಲ್ಲ. ಕಿರೀಟ ತೆಗೆದು ನೆಲಕ್ಕಿಟ್ಟು, ತಪ್ಪು ನನ್ನದು ಅಂದು, ತನ್ನ ಕೈಯಿಂದಲೇ ಪಂಜರ ತೆರೆಯುತ್ತಾನೆ. ಕೊನೆಯ ಪರದೆ ನೆಲ ಮುಟ್ಟಿದ ಕೂಡಲೇ ಅಧ್ಯಕ್ಷನ ಅಧಿಕಾರ ಮುಗಿಯಿತು, ಮರುದಿನ ಹೊಸಬನ ಆಯ್ಕೆ. ಪರದೆ ನೆಲ ಮುಟ್ಟುವ ತನಕ ಮಾತ್ರ ಅವನೇ ರಾಜ, ಅವನ ಮಾತೇ ಕಾನೂನು.

ಆ ರಂಗದ ಪರದೆಯನ್ನು ನಮ್ಮಲ್ಲಿ ಯಾರೂ ಎಳೆಯುವುದಿಲ್ಲ. ಅಂಕ ಮುಗಿದರೆ ತಾನೇ ಇಳಿಯುತ್ತದೆ. ಯಾರಾದರೂ "ವನ್ಸ್ ಮೋರ್" ಅಂದರೆ ಅಲ್ಲೇ ನಿಂತು ಮತ್ತೆ ಮೇಲೆ ಹೋಗುತ್ತದೆ, ಆ ದೃಶ್ಯವನ್ನು ಪುನಃ ಆಡಲೇಬೇಕು. ಪ್ರವೇಶ ಬಾರದ ಹೊರತು ಯಾರೂ ರಂಗದ ಮೇಲೆ ಕಾಲಿಡಲಾರರು, ಕಾಲು ಏಳುವುದೇ ಇಲ್ಲ. ಪ್ರವೇಶ ಬಂತೆಂದರೆ ಬೇಡವೆಂದರೂ ಕಾಲು ಎಳೆದುಕೊಂಡು ಹೋಗುತ್ತದೆ. ರಾಜನಿಗೆ ನಾಲ್ಕನೆಯ ಅಂಕದಲ್ಲಿ ನಿರ್ಗಮನ ಉಂಟು. ಬಂದಿಗೆ ಇಲ್ಲ, ಅವನು ಬಿಡುಗಡೆಯ ತನಕ ಪಂಜರದಲ್ಲೇ ಇರಬೇಕು. ಹಿಂದೆಲ್ಲ ಅದು ಒಂದು ಗಳಿಗೆಯ ಮಾತಾಗಿತ್ತು.

ಬಂದಿಯ ಪಾತ್ರ ಅಧ್ಯಕ್ಷನನ್ನು ಎಲ್ಲರಿಗಿಂತ ಹೆಚ್ಚು ಬೈದವನಿಗೆ ಸಲ್ಲುತ್ತದೆ. ಅದು ನಮ್ಮೂರಿನ ಮರ್ಯಾದೆ. ಆ ಸಲ ಅದು ನನ್ನ ತಮ್ಮ ಮುರಿಗೆಪ್ಪನಿಗೆ ಬಂತು. ಅವನದು ಸೈಕಲ್ ರಿಪೇರಿ ಅಂಗಡಿ. ಅಧ್ಯಕ್ಷ ವಿರುಪಣ್ಣನ ಓಣಿಗೆ ದಿನವೂ ನಳದ ನೀರು, ಕೆಳಗಿನ ಓಣಿಗೆ ವಾರಕ್ಕೊಮ್ಮೆ ಯಾಕೆ ಅಂತ ಅವನು ಸಭೆ ಸಭೆಯಲ್ಲೂ ಎದ್ದು ನಿಂತು ಕೇಳಿದ್ದ. ಅವ್ವ ಸತ್ತಾಗ ಅವನಿನ್ನೂ ತೊಟ್ಟಿಲಲ್ಲಿದ್ದ, ನಾನೇ ಬೆಳೆಸಿದೆ. ಹಾಗಾಗಿ ಐದನೆಯ ಅಂಕದ ಹೆಂಗಸಿನ ಪಾತ್ರ ನನಗೆ ಬಂತು. ಟೇಲರ್ ನೇಮಣ್ಣ, ನಮ್ಮ ಪಕ್ಕದ ಮನೆಯವ, ನನಗಾಗಿ ಕೆಂಪು ಕುಪ್ಪಸ ಹೊಲಿದುಕೊಟ್ಟ. "ಇಂದ್ರಕ್ಕಾ, ನೀ ರಂಗದ ಮ್ಯಾಲೆ ಬಂದ್ರ ರಾಜಾ ತಾನಾಗೇ ಓಡಿ ಹೋಗ್ತಾನ ಬಿಡು, ಡೈಲಾಗೇ ಬ್ಯಾಡ" ಅಂತ ನಕ್ಕಿದ್ದ.

ವಿರುಪಣ್ಣ ನಟನಲ್ಲ ಅಂತ ನಾವೆಲ್ಲ ತಿಳಿದಿದ್ದೆವು. ಹಿಂದಿನ ಅಧ್ಯಕ್ಷರು ಮಾತು ಮರೆತು, ಬೆವರು ಒರೆಸಿಕೊಂಡು, ಕಿರೀಟ ಜಾರಿಸಿಕೊಂಡು ಹೇಗೋ ಮುಗಿಸಿ ಮನೆಗೆ ಹೋಗುತ್ತಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವಿನಲ್ಲೇ ಅವರ ಅಧಿಕಾರ ಅರ್ಧ ಕರಗಿ ಹೋಗುತ್ತಿತ್ತು. ಆದರೆ ವಿರುಪಣ್ಣ ನಾಲ್ಕನೆಯ ಅಂಕದಲ್ಲಿ ಬಾಯಿ ತೆರೆದನಲ್ಲ, ಸುಳ್ಳು ಯಾಕೆ ಹೇಳಲಿ, ರಂಗದ ಪಕ್ಕದ ವಿಂಗಿನಲ್ಲಿ ನಿಂತಿದ್ದ ನನಗೇ ಮೈ ಜುಮ್ಮೆಂದಿತು. ನ್ಯಾಯದ ಮಾತನ್ನು ಅವನು ಒಮ್ಮೆ ಗುಡುಗಿ, ಒಮ್ಮೆ ಪಿಸುಗುಟ್ಟಿ, ಎದೆ ತಟ್ಟಿಕೊಂಡು ಆಡಿದ. ಮುರಿಗೆಪ್ಪ "ಯಾರೂ ಇಲ್ಲ, ಪ್ರಭೂ" ಅಂದ. ಪರದೆ ಇಳಿಯತೊಡಗಿತು. ನಾನು ಸೆರಗು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ "ವನ್ಸ್ ಮೋರ್!" ಅಂದ. ಇಡೀ ಥೇಟರು ಎದ್ದು ನಿಂತು ಕೂಗಿತು.

ಆವತ್ತು ಎಷ್ಟು ಸಲ ಆಡಿದರೋ. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ವಿರುಪಣ್ಣ ಕೈ ಎತ್ತಿ, "ನಿಮ್ಮ ಪ್ರೀತಿ ದೊಡ್ಡದು. ಉಳಿದದ್ದು ನಾಳೆ" ಅಂದ. ಜನ ಚಪ್ಪಾಳೆ ತಟ್ಟಿಕೊಂಡು ಮನೆಗೆ ಹೋದರು. ನನ್ನ ತಮ್ಮ ಪಂಜರದಲ್ಲೇ ಉಳಿದ. "ಅಕ್ಕಾ, ಇಲ್ಲೇ ಮಲಗೂದಾತಲ್ಲ, ಒಂದು ಕೌದಿ ಕೊಡು" ಅಂತ ಪಂಜರದ ಬೆನ್ನಿಗಿದ್ದ ಹಿಂದಿನ ಗೋಡೆಯ ಕಿಟಕಿಯಿಂದ ನಗುತ್ತ ಕೇಳಿದ. ನಾನೂ ನಕ್ಕು ಕೌದಿ ಕೊಟ್ಟು ಬಂದೆ.

ಮರುದಿನವೂ ಅದೇ ಆಯಿತು. ಅದರ ಮರುದಿನವೂ. ಮೊದಮೊದಲು ಜನ ನಿಜವಾಗಿ ಖುಷಿಯಿಂದಲೇ ಕೂಗುತ್ತಿದ್ದರು. ಆಮೇಲೆ ಥೇಟರಿನ ಬಾಗಿಲಲ್ಲಿ ವಿರುಪಣ್ಣನ ಕಡೆಯವರು ಎಲ್ಲರಿಗೂ ಚುರುಮುರಿ, ಮಿರ್ಚಿ ಭಜಿ ಹಂಚತೊಡಗಿದರು. ತಿಂದ ಬಾಯಿ ಕೂಗದೆ ಇರುತ್ತದೆಯೇ. ಆಮೇಲೆ ವಿರುಪಣ್ಣನ ಹುಡುಗರು ಸಾಲು ಸಾಲಿನ ತುದಿಗೆ ನಿಂತು, ಯಾರ ಬಾಯಿ ಆಡುತ್ತದೆ, ಯಾರದು ಆಡುವುದಿಲ್ಲ ಅಂತ ನೋಡತೊಡಗಿದರು. ಆಮೇಲೆ ಅದೂ ಬೇಕಾಗಲಿಲ್ಲ. ಸಂಜೆಯಾದರೆ ಹಲ್ಲುಜ್ಜಿದ ಹಾಗೆ ಬಂದು, ಕೂಗಿ, ಹೋಗುತ್ತಿದ್ದರು.

ಊರು ಹೊಂದಿಕೊಂಡಿತು. ನೋಡುತ್ತ ನೋಡುತ್ತ ಹೊಂದಿಕೊಂಡಿತು, ಅದೇ ನನಗೆ ಹೊಟ್ಟೆ ಉರಿಸಿದ್ದು. ಶಾಲೆಯನ್ನು ಬೆಳಗಿನ ಹೊತ್ತಿಗೆ ಮಾಡಿದರು. ಲಗ್ನದ ಮುಹೂರ್ತ ಕೇಳಲು ಹೋದರೆ ಅಯ್ಯನವರು ನಾಟಕದ ಹೊತ್ತು ಬಿಟ್ಟು ನೋಡಿಕೊಡುತ್ತಿದ್ದರು. ಕಚೇರಿಯಲ್ಲಿ ಯಾವ ಅರ್ಜಿ ಕೊಟ್ಟರೂ "ಐದನೆ ಅಂಕ ಆದ ಮ್ಯಾಲೆ ನೋಡೂಣು" ಅನ್ನುತ್ತಿದ್ದರು. ಬಾಣಂತಿಯರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಂದು ಕೂಡುತ್ತಿದ್ದರು. ಮಾತು ಬಾರದ ಕೂಸುಗಳು ಅವ್ವ ಅಪ್ಪ ಅನ್ನುವ ಮೊದಲೇ ವನ್ಸ್ ಮೋರ್ ಅಂದವು, ಅದನ್ನು ಕೇಳಿ ಅವುಗಳ ತಂದೆ ತಾಯಿ ಮುದ್ದಾಡಿದರು. ಐದನೆಯ ಅಂಕ ಅಂತ ಒಂದಿದೆ ಅನ್ನುವುದೇ ಗೊತ್ತಿಲ್ಲದ ಮಕ್ಕಳು ಮೀಸೆ ಬರುವ ವಯಸ್ಸಿಗೆ ಬಂದರು. ಪಂಜರದ ಬಿದಿರಿಗೆ ಹುಳ ಹಿಡಿಯಿತು ಅಂತ ಕಬ್ಬಿಣದ್ದು ಮಾಡಿಸಿದರು. ಅದಕ್ಕೂ ಒಂದು ಪೂಜೆ ಆಯಿತು.

ನಾನು ದಿನಾ ಎರಡು ಹೊತ್ತು ಹಿಂದಿನ ಕಿಟಕಿಯಿಂದ ತಮ್ಮನಿಗೆ ಬುತ್ತಿ ಕೊಡುತ್ತಿದ್ದೆ. ಮೊದಲು ಅವನು ಸಿಟ್ಟು ಮಾಡುತ್ತಿದ್ದ, ಸರಳು ಗುದ್ದುತ್ತಿದ್ದ. ಆಮೇಲೆ ಸೈಕಲ್ ಅಂಗಡಿ ಏನಾಯಿತು ಅಂತ ಕೇಳುವುದನ್ನು ಬಿಟ್ಟ. ಅವನಿಗೆ ಗೊತ್ತುಮಾಡಿದ್ದ ಹುಡುಗಿ ಬೇರೆ ಕಡೆ ಮದುವೆಯಾಗಿ ಹೋದಳು, ಅದನ್ನು ನಾನೇ ಹೇಳಬೇಕಾಯಿತು. "ಚಲೋ ಆತು ಬಿಡು, ಆಕಿ ಎಷ್ಟಂತ ಕಾಯ್ತಾಳ" ಅಂದು ರೊಟ್ಟಿ ಮುರಿದುಕೊಂಡ. ಆವತ್ತು ನಾನು ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತೆ.

ವಿರುಪಣ್ಣ ನನ್ನ ಖಾನಾವಳಿಗೆ ಊಟಕ್ಕೆ ಬರುವುದನ್ನು ಬಿಟ್ಟಿರಲಿಲ್ಲ. ಎಂಥ ಗುಂಡಿಗೆ ನೋಡಿ. ಒಂದು ಮಧ್ಯಾಹ್ನ ಅವನ ಎಲೆಗೆ ಪಲ್ಯ ಬಡಿಸದೆ ಸೌಟು ಹಿಡಿದು ನಿಂತೆ.

"ನನ್ನ ತಮ್ಮನ್ನ ಯಾವಾಗ ಬಿಡ್ತೀರಿ?" ಅಂದೆ.

"ನಾ ಎಲ್ಲಿ ಹಿಡಕೊಂಡೀನಿ ಇಂದ್ರಕ್ಕ?" ಅಂದ. ದನಿಯಲ್ಲಿ ಬೆಣ್ಣೆ. "ನಂಗೂ ಸಾಕಾಗೇತಿ. ಆ ಕಿರೀಟ ಹೊತ್ತು ಹೊತ್ತು ಕುತ್ತಿಗಿ ಹಿಡದೈತಿ. ಆದ್ರ ಜನ ಬಿಡವಲ್ಲರು. ಜನ ಕೇಳಿದ್ದನ್ನ ಇಲ್ಲ ಅನ್ನಾಕ ನಾ ಯಾರು?"

"ಚುರುಮುರಿ ಕೊಟ್ಟು ಕೂಗಸ್ತೀರಿ."

"ಹಸಿದವರಿಗೆ ತಿನ್ನಾಕ ಕೊಟ್ರ ತಪ್ಪೇನವ್ವಾ? ನೀನೂ ಅದನ್ನ ಮಾಡ್ತಿ." ಪಲ್ಯ ಬಡಿಸು ಅಂತ ಎಲೆ ತೋರಿಸಿದ. "ಅವರು ಒಂದಿನ ಸುಮ್ನ ಕುಂದ್ರಲಿ. ಪರದಿ ತಾನ ಬೀಳತೈತಿ. ನಾ ಏನ್ ಕೈ ಅಡ್ಡ ಹಿಡೀತೀನಾ?"

ಸೌಟನ್ನು ಎಲೆಗೆ ಕುಕ್ಕಿ ಪಲ್ಯ ಬಡಿಸಿದೆ. ಯಾಕೆಂದರೆ ಅವನು ಹೇಳಿದ್ದು ನಿಜವಾಗಿತ್ತು.

ಸಂಜೆ ನಾಟಕದ ಪೇಟಿ ಬಾರಿಸುವ ಬಸಲಿಂಗ ಮಾಸ್ತರರ ಮುಂದೆ ಇದನ್ನು ಹೇಳಿದೆ. ಮುದುಕರು, ಆ ನಾಟಕ ಅವರಿಗೆ ಬಾಯಿಪಾಠ. ಪೇಟಿಯ ಮೇಲೆ ಬಟ್ಟೆ ಹೊದಿಸುತ್ತ, "ಈ ನಾಟಕ ಬರದಾವ ಬಾಳ ಶಾಣ್ಯಾ ಇದ್ದ ಇಂದ್ರವ್ವ" ಅಂದರು. "ಕುರ್ಚಿ ಬಿಡು ಅಂದ್ರ ಯಾವ ರಾಜಾನೂ ಬಿಡಂಗಿಲ್ಲ. ಬಿಟ್ಟಂಗ ಆಡಿ ತೋರಿಸಪಾ ಅಂದ್ರ, ಎಲ್ಲಾರ ಮುಂದ ಆಡೂದ್ರಾಗ ಬಿಟ್ಟಬಿಡ್ತಾನ. ಅದಕ್ಕ ಹಿರೇರು ಇದನ್ನ ಊರಿನ ಕಾಯ್ದೆ ಮಾಡಿದ್ರು. ರಾಜನ ಹೊಟ್ಟಿ ಒಳಗ ಏನೇನ ಇರತೈತಿ ಎಲ್ಲಾ ಬರದಾನ ಆ ಪುಣ್ಯಾತ್ಮ. ನೋಡಾಕ ಕುಂತವರ ಬಗ್ಗೆ ಮಾತ್ರ ಒಂದ ಸಾಲೂ ಬರೀಲಿಲ್ಲ."

ಆ ಚಳಿಗಾಲ ಮುರಿಗೆಪ್ಪನಿಗೆ ಕೆಮ್ಮು ಹತ್ತಿತು. ನಾನು ಕಷಾಯ ಮಾಡಿಕೊಟ್ಟೆ, ಅರಿಷಿಣದ ಹಾಲು ಕೊಟ್ಟೆ. ಡಾಕ್ಟರು ಕಿಟಕಿಯಿಂದಲೇ ಬೆನ್ನಿಗೆ ಕೊಳವೆ ಹಚ್ಚಿ ನೋಡಿ, ನನ್ನನ್ನು ಗೋಡೆಯ ಆಚೆ ಕರೆದುಕೊಂಡು ಹೋಗಿ, "ಇವರನ್ನ ಅಲ್ಲಿಂದ ಹೊರಗ ತರಬೇಕ್ರಿ. ಬಿಸಲು ಬೇಕು, ಗಾಳಿ ಬೇಕು. ಇಲ್ಲಾಂದ್ರ ನಾ ಮಾತು ಕೊಡಂಗಿಲ್ಲ" ಅಂದರು. ಐದನೆಯ ಅಂಕ ಬರದೆ ಅವನು ಹೊರಗೆ ಬರುವುದಿಲ್ಲ. ಜನ ಸುಮ್ಮನಾಗದೆ ಐದನೆಯ ಅಂಕ ಬರುವುದಿಲ್ಲ.

ಅವತ್ತಿನಿಂದ ನಾನು ಬೈಯುವುದನ್ನು ಬಿಟ್ಟೆ. ನನ್ನ ಬಾಯಿಗೆ ಅದು ಎಷ್ಟು ಕಷ್ಟ ಅಂತ ನನಗೇ ಗೊತ್ತು. ಊಟಕ್ಕೆ ಬಂದವರಿಗೆಲ್ಲ ಬಡಿಸುತ್ತ ಬಡಿಸುತ್ತ ಬಗ್ಗಿ ಕಿವಿಯಲ್ಲಿ ಹೇಳಿದೆ. ಓಣಿ ಓಣಿ ತಿರುಗಿದೆ. ಹಿತ್ತಲ ಬಾಗಿಲಿನಿಂದ ಹೋಗಿ ಹೆಂಗಸರ ಕೈ ಹಿಡಿದೆ. ಎದುರು ನಿಲ್ಲಿರಿ ಅಂತ ಕೇಳಲಿಲ್ಲ, ಘೋಷಣೆ ಕೂಗಿರಿ ಅಂತ ಕೇಳಲಿಲ್ಲ. ಬರುವ ಅಮಾವಾಸ್ಯೆಯ ಮರುದಿನ ಸಂಜೆ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡು ಕೂಡಿರಿ ಅಂದೆ.

ಎಲ್ಲರೂ ಹೆದರಿದರು. ನೇಮಣ್ಣ ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ, ತಲೆ ಎತ್ತದೆ, "ನಾ ಒಬ್ಬಾವ ಕೂಗದಿದ್ರ ಏನಕ್ಕೈತಿ ಅಕ್ಕಾ? ಉಳದಾವ್ರು ಕೂಗಿದ್ರ ನಾ ಒಬ್ಬಾವ ಸಿಕ್ಕೊತೀನಿ" ಅಂದ.

"ಎಲ್ಲಾರೂ ನಿನ್ನಂಗ ಅಂದ್ರು, ನೇಮಣ್ಣಾ. ಎಲ್ಲಾರಿಗೂ ನಾ ನಿನ್ನ ಹೆಸರು ಹೇಳೀನಿ. ನೇಮಣ್ಣ ಸುಮ್ನಿರ್ತಾನ ಅಂತ."

ಅವನು ಯಂತ್ರ ನಿಲ್ಲಿಸಿ ನನ್ನನ್ನು ನೋಡಿದ. "ಭಾರಿ ಇದ್ದಿ ಬಿಡವಾ ನೀನು" ಅಂದ. ಬಟ್ಟೆ ಮಡಚಿಡುತ್ತ, "ಮುರಿಗ್ಯಾ ನನ್ನ ಮಗನಿಗೆ ಸೈಕಲ್ ಕಲಿಸಿದ್ದ" ಅಂದ. ಕಣ್ಣು ಒರೆಸಿಕೊಂಡ. "ಆತು. ಹಲ್ಲು ಕಚ್ಚಿ ಕುಂದರ್ತೀನಿ."

ಆ ಸಂಜೆ ನಾನು ಬಣ್ಣ ಹಚ್ಚಿಕೊಂಡು, ಹಿಗ್ಗಿಸಿ ಹೊಲಿಸಿದ ಕೆಂಪು ಕುಪ್ಪಸ ತೊಟ್ಟು ವಿಂಗಿನಲ್ಲಿ ನಿಂತೆ. ಥೇಟರು ತುಂಬಿತ್ತು. ವಿರುಪಣ್ಣ ಎಂದಿನಂತೆ ಆಡಿದ, ಎಂದಿಗಿಂತ ಚೆನ್ನಾಗಿಯೇ ಆಡಿದ. "ನಿನ್ನ ಪರವಾಗಿ ನುಡಿಯುವವರು ಯಾರಿರುವರು?" ಅಂದ. ಮುರಿಗೆಪ್ಪ ಕೆಮ್ಮಿ, "ಯಾರೂ ಇಲ್ಲ, ಪ್ರಭೂ" ಅಂದ. ಪರದೆ ಇಳಿಯತೊಡಗಿತು.

ಒಬ್ಬರೂ ಉಸಿರೆತ್ತಲಿಲ್ಲ. ಅಯ್ಯೋ, ನನ್ನ ಊರಿನ ಜನ! ಅವತ್ತು ಅವರ ಮೇಲೆ ನನಗೆ ಬಂದ ಪ್ರೀತಿಯನ್ನು ಏನೆಂದು ಹೇಳಲಿ. ಸಾಲು ಸಾಲಾಗಿ ತುಟಿ ಬಿಗಿದು ಕೂತಿದ್ದರು. ತಾಯಂದಿರು ಕೂಸುಗಳ ಬಾಯಿಗೆ ಕೈ ಇಟ್ಟುಕೊಂಡಿದ್ದರು. ವಿರುಪಣ್ಣನ ಹುಡುಗರು ಆ ಕಡೆ ಈ ಕಡೆ ನೋಡುತ್ತಿದ್ದರು, ಯಾರನ್ನು ಹಿಡಿಯಬೇಕು ಅಂತ ತಿಳಿಯದೆ. ಪರದೆ ಅರ್ಧ ಇಳಿಯಿತು, ಮುಕ್ಕಾಲು ಇಳಿಯಿತು. ನನ್ನ ಕಾಲಿಗೆ ಬಲ ಬಂದ ಹಾಗಾಯಿತು, ಹಿಮ್ಮಡಿ ತಾನೇ ಮೇಲೆದ್ದಿತು.

"ವನ್ಸ್ ಮೋರ್!"

ಪಂಜರದ ಒಳಗಿನಿಂದ ಬಂತು ಆ ಕೂಗು. ಮುರಿಗೆಪ್ಪ ಎರಡೂ ಕೈಯಿಂದ ಸರಳು ಹಿಡಿದು, ನನ್ನ ಕಡೆಗೇ ಮುಖ ಮಾಡಿ, ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಕೂಗಿದ. ಪರದೆ ನಿಂತಿತು. ಮೇಲೆ ಹೋಯಿತು. ನನ್ನ ಹಿಮ್ಮಡಿ ನೆಲಕ್ಕೆ ಕೂತಿತು. ಜನ ಒಂದು ಕ್ಷಣ ಮಿಕಿಮಿಕಿ ನೋಡಿದರು, ಆಮೇಲೆ ಬಿಗಿಹಿಡಿದ ಉಸಿರನ್ನು ಬಿಟ್ಟು ಒಟ್ಟಿಗೇ ಕೂಗಿದರು. ಅಷ್ಟು ಹಗುರಾದ ಮುಖಗಳನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಅವತ್ತಿನ ಆಟ ಮುಗಿಯುತ್ತಲೇ ಬಣ್ಣವನ್ನೂ ತೆಗೆಯದೆ ಕಿಟಕಿಗೆ ಓಡಿದೆ. "ಏನೋ ಭಾಡ್ಯಾ, ತಲಿ ಗಿಲಿ ಕೆಟ್ಟೈತೇನು ನಿಂಗ? ಊರೆಲ್ಲ ಕಾಲು ಹಿಡದು ಬಾಯಿ ಮುಚ್ಚಸೀನಿ, ನೀ ಕೂಗ್ತೀಯಾ? ನೀನಾ?"

ಅವನು ಬಹಳ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ. "ಮುಂಜಾನೆ ವಿರುಪಣ್ಣ ಬಂದಿದ್ದ, ಅಕ್ಕಾ. ಈ ಕಿಟಕಿ ಹೊರಗ ಕುಂತಿದ್ದ, ಬಾಳ ಪ್ರೀತಿಯಿಂದ ಮಾತಾಡಿದ. ಇವತ್ತ ಜನ ಸುಮ್ನಿರ್ತಾರಂತ, ಚಲೋ ಆತು, ನೀ ಬಿಡುಗಡಿ ಆಗ್ತಿ ಅಂದ. ಆದ್ರ ಐದನೆ ಅಂಕದಾಗ ನಿಮ್ಮಕ್ಕ ನನ್ನ ಸಭಾಕ್ಕ ಬರ್ತಾಳಲ್ಲ, ಪರದಿ ಬೀಳೂತನಕ ನಾನ ರಾಜಾ, ಆಕಿಗೂ ಒಂದು ಪಂಜರ ಮಾಡಿಸೀನಿ ಅಂದ. ಹೆಂಗಸರ ಅಳತಿದು ಅಂದ."

"ಮಾಡಿಸಲಿ! ನಾ ಕುಂದರ್ತೀನಿ! ನಿನ್ನ ಎದಿ ನೋಡಿದೇನು ಹೆಂಗ ಆಗೇತಿ?"

"ನಂಗಿದು ರೂಢಿ ಆಗೇತಿ. ನಿಂಗ ಆಗಂಗಿಲ್ಲ." ಸರಳಿನ ಸಂದಿನಿಂದ ಕೈ ತೂರಿಸಿ ನನ್ನ ಕೆನ್ನೆಯ ಬಣ್ಣ ಒರೆಸಿದ. "ನೀ ಒಳಗ ಬಂದ್ರ ನಂಗ ರೊಟ್ಟಿ ಯಾರು ತಂದು ಕೊಡ್ತಾರ ಹೇಳು?"

ನಾನು ಬೈದೆ, ಅತ್ತೆ, ಆಣೆ ಹಾಕಿದೆ, ಎರಡು ದಿನ ಬುತ್ತಿಯನ್ನೇ ಒಯ್ಯಲಿಲ್ಲ. ಅವನು ಹಟ ಬಿಡಲಿಲ್ಲ. ನನ್ನ ಕೈಯಲ್ಲೇ ಬೆಳೆದವನು, ಹಟ ಬೇರೆ ಯಾರಿಂದ ಕಲಿತಾನು. ಅಲ್ಲಿಂದ ಮುಂದೆ ದಿನಾ ಸಂಜೆ ನಾನು ಬಣ್ಣ ಹಚ್ಚಿ ವಿಂಗಿನಲ್ಲಿ ನಿಲ್ಲುವುದು, ದಿನಾ ಅವನು ನನ್ನ ಕಾಲು ಏಳುವ ಮುಂಚೆ ಕೂಗುವುದು. ಚುರುಮುರಿ ಹಂಚುವುದು ನಿಂತಿತು. ವಿರುಪಣ್ಣನ ಹುಡುಗರು ಬೇರೆ ಕೆಲಸ ನೋಡಿಕೊಂಡರು. ಜನಕ್ಕೂ ಕೂಗುವ ಜರೂರು ಉಳಿಯಲಿಲ್ಲ. ಖಾನಾವಳಿಗೆ ಬಂದವರು ಕೈ ತೊಳೆಯುತ್ತ, "ನಾವಂತೂ ಈಗ ಬಾಯಿ ಬಿಡಂಗಿಲ್ಲ ಇಂದ್ರಕ್ಕಾ, ಕೂಗಾಂವ ನಿನ್ನ ತಮ್ಮನ" ಅನ್ನುತ್ತಿದ್ದರು. ಅವರ ಮೇಲೆ ಬಿಸಿ ಸಾರು ಸುರಿಯಬೇಕು ಅನ್ನಿಸುತ್ತಿತ್ತು. ಸುರಿಯಲಿಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತಲ್ಲ.

ಅವನ ದನಿ ಇಳಿಯುತ್ತ ಬಂತು. ಮೊದಲು ಕೊನೆಯ ಸಾಲಿಗೆ ಕೇಳುತ್ತಿದ್ದುದು ಆಮೇಲೆ ನಡುವಿನ ಸಾಲಿಗೆ ಮಾತ್ರ ಕೇಳಿಸಿತು. ಆಮೇಲೆ ಪೇಟಿ ಮಾಸ್ತರರಿಗೆ, ನನಗೆ, ಪರದೆಗೆ. ವಿಂಗಿನಲ್ಲಿ ನಿಂತ ನನ್ನ ಸ್ಥಿತಿ ಯಾವ ಶತ್ರುವಿಗೂ ಬೇಡ. ಅವನು ಕೂಗದಿರಲಿ, ನಾನು ಒಳಗೆ ಹೋಗಿ ಅವನನ್ನು ಬಿಡಿಸಲಿ ಅಂತ ಬೇಡಿಕೊಳ್ಳುತ್ತಿದ್ದೆ. ಆ ಪಿಸುದನಿ ಕೇಳಿಸಿದ ಕೂಡಲೇ, ಇನ್ನೂ ಇದ್ದಾನಲ್ಲ ಅಂತ ಎದೆ ತಣ್ಣಗಾಗುತ್ತಿತ್ತು.

ಹೋದ ವಾರ ಒಂದು ಸಂಜೆ "ಯಾರೂ ಇಲ್ಲ" ಅಂದವನು "ಪ್ರಭೂ" ಅನ್ನಲಿಲ್ಲ. ಸರಳಿಗೆ ತಲೆ ಆನಿಸಿ ಕೂತ. ಪರದೆ ಇಳಿಯಿತು. ಅರ್ಧ ಇಳಿಯಿತು, ಮುಕ್ಕಾಲು ಇಳಿಯಿತು. ಕೂಗೋ, ಒಮ್ಮೆ ಕೂಗೋ ಮುರಿಗೆಪ್ಪಾ ಅಂತ ನಾನೇ ಬಾಯೊಳಗೆ ಅನ್ನುತ್ತಿದ್ದೆ. ಥೇಟರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ, ಅವರಿಗೆ ಅಭ್ಯಾಸ ತಪ್ಪಿ ಹೋಗಿತ್ತು. ಪರದೆ ನೆಲ ಮುಟ್ಟಿ, ಐದನೆಯ ಅಂಕಕ್ಕೆ ಮೇಲೆದ್ದಿತು. ನನ್ನ ಕಾಲು ನನ್ನನ್ನು ಎಳೆದುಕೊಂಡು ಒಳಗೆ ಹೋಯಿತು.

"ನಾನಿದ್ದೇನೆ" ಅಂದೆ.

ರಂಗದ ಮೇಲೆ ಒಂದೇ ಪಂಜರವಿತ್ತು. ಹೆಂಗಸರ ಅಳತೆಯದು ಅಂತ ಇನ್ನೊಂದು ಇರಲೇ ಇಲ್ಲ.

ವಿರುಪಣ್ಣ "ನೀನಾರು?" ಅಂದ. "ನಿನ್ನ ಬಂದಿಯ ಅಕ್ಕ. ಅವನ ಅಪರಾಧವೇನು ಹೇಳು" ಅಂದೆ. ಅವನು ಸುಮ್ಮನೆ ನಿಂತ, ನಾಟಕದಲ್ಲಿ ಹಾಗೇ ಇದೆ. ಆಮೇಲೆ ಎರಡೂ ಕೈಯಿಂದ ಕಿರೀಟ ತೆಗೆದು ನೆಲಕ್ಕಿಟ್ಟ. "ತಪ್ಪು ನನ್ನದು" ಅಂದು ಪಂಜರ ತೆರೆದ. ಸರಳಿಗೆ ಆನಿಕೊಂಡಿದ್ದ ಮುರಿಗೆಪ್ಪ ಅವನ ತೋಳಿನ ಮೇಲೆ ಬಿದ್ದ. ನಾನು ಓಡಿಹೋಗಿ ಮುಟ್ಟಿದೆ. ಹಣೆ ತಣ್ಣಗಿತ್ತು, ಉಸಿರಿರಲಿಲ್ಲ.

ವಿರುಪಣ್ಣ ನೆಲಕ್ಕೆ ಕುಸಿದು, ನನ್ನ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಅದು ನಿಜವಾದ ಅಳುವೋ ಏನೋ ನನಗೆ ಇನ್ನೂ ಗೊತ್ತಾಗಿಲ್ಲ. "ತಪ್ಪು ನನ್ನದು, ತಪ್ಪು ನನ್ನದು" ಅಂತ ಎದೆ ಬಡಿದುಕೊಂಡ. ಥೇಟರಿಗೆ ಥೇಟರೇ ಬಿಕ್ಕಿತು. ಕೊನೆಯ ಪರದೆ ಇಳಿಯತೊಡಗಿತು. ಇಳಿಯಲಿ, ಇದೊಂದಾದರೂ ಮುಗಿಯಲಿ, ನನ್ನ ತಮ್ಮನನ್ನು ಮನೆಗೆ ಒಯ್ದು ನೀರೆರೆಯುತ್ತೇನೆ ಅಂದುಕೊಂಡೆ.

ಮುಂದಿನ ಸಾಲಿನಲ್ಲಿ ನೇಮಣ್ಣ ಎದ್ದು ನಿಂತ. ಮುಖವೆಲ್ಲ ಕಣ್ಣೀರು. ಅವನನ್ನು ಯಾರೂ ನೂಕಿರಲಿಲ್ಲ, ಯಾರೂ ಚುರುಮುರಿ ಕೊಟ್ಟಿರಲಿಲ್ಲ. ಎರಡೂ ಕೈ ಮೇಲೆತ್ತಿ, ಒಡೆದ ದನಿಯಲ್ಲಿ, ಮನಸ್ಸಿನ ಆಳದಿಂದಲೇ ಕೂಗಿದ, "ವನ್ಸ್ ಮೋರ್!"

ಇಡೀ ಊರು ಎದ್ದು ನಿಂತು, ಅಳುತ್ತ, ಅದನ್ನೇ ಕೂಗಿತು. ಪರದೆ ಮೇಲೆ ಹೋಯಿತು. ರಾಜನ ಸೇವಕರ ಪಾತ್ರದ ಇಬ್ಬರು ಮುರಿಗೆಪ್ಪನನ್ನು ಎತ್ತಿ ಪಂಜರದೊಳಗೆ ಮೊದಲಿದ್ದ ಹಾಗೆಯೇ ಕೂರಿಸಿದರು. ವಿರುಪಣ್ಣ ಕಣ್ಣು ಒರೆಸಿಕೊಂಡು, ಬಗ್ಗಿ, ಕಿರೀಟವನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ನಾನು ಸರಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ, ಬಿಡುವುದಿಲ್ಲ ಅಂತ ಕಿರುಚಿದೆ. ಆದರೆ ಅಂಕ ಮತ್ತೆ ಮೊದಲಿನಿಂದ ಶುರುವಾಗಿತ್ತು, ನನ್ನ ಪ್ರವೇಶ ಇನ್ನೂ ಬಂದಿರಲಿಲ್ಲ. ನನ್ನ ಕಾಲು ನನ್ನನ್ನು ಹಿಂದಕ್ಕೆ, ವಿಂಗಿನ ಕಡೆಗೆ, ಎಳೆದುಕೊಂಡು ಹೋಯಿತು.